‘ನೋ’ ಎಂದರೆ ಯಾವ ‘ನೋ’?

ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಉಕ್ತಲೇಖನದಲ್ಲಿ ‘ಐ ನೋ ದಿ ಆನ್ಸರ್’ ಎಂದರೆ ಒಂಬತ್ತನೆಯ ತರಗತಿಯ ಎಷ್ಟೋ ಮಕ್ಕಳು ‘ನೋ’ ಪದಕ್ಕೆ ಎನ್, ಒ ಎಂದು ಎರಡೇ ಅಕ್ಷರ ಬರೆಯುತ್ತಿದ್ದರು. ‘ಗೊತ್ತು’ ಎನ್ನಬೇಕಾದಲ್ಲಿ ‘ಇಲ್ಲ’ ಬಂದು ಕೂರುತ್ತಿತ್ತು. ಮಕ್ಕಳನ್ನು ಗದರಲು ನನಗೆ ಮನಸ್ಸಾಗುತ್ತಿರಲಿಲ್ಲ. ಕೇಳಿದಂತೆ ಬರೆ ಎಂದು ಅವರಿಗೆ ಕಲಿಸಿದ್ದು ಕನ್ನಡವೇ.

ಕೆಲವು ವರ್ಷ ಜೋಡಿಪದಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಹತ್ತು ಹತ್ತು ಸಲ ಬರೆಸಿದೆ. ಪರೀಕ್ಷೆ ಮುಗಿದೊಡನೆ ಎಲ್ಲವೂ ಮರೆತುಹೋಗುತ್ತಿತ್ತು. ದಾರಿ ತೋರಿದ್ದು ಪಕ್ಕದ ಕೋಣೆಯ ಹಳಗನ್ನಡ ಪಾಠ. ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ ಎಂದು ಕನ್ನಡ ಮೇಷ್ಟ್ರು ವಿವರಿಸುತ್ತಿದ್ದರು. ೞಕಾರ ನಮ್ಮ ನಾಲಿಗೆಯಿಂದ ಜಾರಿತು, ಬರಹದಿಂದಲೂ ಹೋಯಿತು. ಇಂಗ್ಲಿಷಿನಲ್ಲಿ ದನಿ ಹೋಗಿಯೂ ಅಕ್ಷರ ಉಳಿಯಿತು, ವ್ಯತ್ಯಾಸ ಇಷ್ಟೇ!

ಮರುದಿನದಿಂದ ಹಾಗೆಯೇ ಪಾಠ ಮಾಡಿದೆ. ‘ತಿಳಿ’ ಎಂಬರ್ಥದ ‘ನೋ’ ಕೆ ಅಕ್ಷರದಿಂದ ಶುರುವಾಗುತ್ತದೆ. ಹಿಂದೆ ಆ ಕಕಾರವನ್ನು ಉಚ್ಚರಿಸುತ್ತಿದ್ದರು. ‘ಬರೆ’ ಎಂಬರ್ಥದ ‘ರೈಟ್’ ಪದದ ಮೊದಲ ಡಬ್ಲ್ಯು ಕೂಡ ಕಿವಿಗೆ ಬೀಳುತ್ತಿತ್ತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಮನೆ ತೆರೆದಾಗ ಈ ದನಿಗಳು ಇನ್ನೂ ಬದುಕಿದ್ದವು. ಮುಂದೆ ಅಚ್ಚಿನಲ್ಲಿ ಕಾಗುಣಿತ ಗಟ್ಟಿಯಾಯಿತು, ಮಾತು ಮಾತ್ರ ಬದಲಾಗುತ್ತಲೇ ಹೋಯಿತು. ಪದದ ಕಥೆ ಕೇಳಿದ ಮಗು ಆ ಕೆಯನ್ನು ಬಿಡುವುದಿಲ್ಲ.

ಎಲ್ಲಕ್ಕೂ ಕಥೆ ನೆರವಾಗದು. ಲೇಖನ ಸಾಮಗ್ರಿಯ ‘ಸ್ಟೇಷನರಿ’ಗೆ ಕೊನೆಯಲ್ಲಿ ಇ-ಆರ್-ವೈ, ನಿಂತಲ್ಲೇ ನಿಂತದ್ದಕ್ಕೆ ಎ-ಆರ್-ವೈ. ಎನ್ವಲಪ್ಪಿನ ಮೊದಲಕ್ಷರ ಇ ಎಂದು ನೆನಪಿಟ್ಟುಕೊಂಡರೆ ಸಾಕು.

‘ವೆಸ್ಟ್’ ವಿಷಯ ಬೇರೆ. ಬನಿಯನ್ನಿಗೂ ಪಶ್ಚಿಮಕ್ಕೂ ಇಂಗ್ಲಿಷಿನಲ್ಲಿ ದನಿ ಬೇರೆಬೇರೆಯೇ. ನಮ್ಮ ಒಂದೇ ವಕಾರ ಅವೆರಡನ್ನೂ ಕೂಡಿಸಿಬಿಡುತ್ತದೆ. ಅದಕ್ಕೆ ತರಗತಿಗೆ ಕನ್ನಡಿ ತಂದೆ. ಬನಿಯನ್ನಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಪಶ್ಚಿಮಕ್ಕೆ ತುಟಿ ದುಂಡಗಾಗಬೇಕು, ಹಲ್ಲು ತಾಗಬಾರದು. ಒಂದು ವಾರ ಬಾಯಿಗೆ ಅಭ್ಯಾಸ ಮಾಡಿಸಿದ ಮೇಲೆಯೇ ಬರೆಯಲು ಹೇಳಿದೆ.

ಒಮ್ಮೆ ಒಬ್ಬ ಹುಡುಗಿ, “ಸರ್, ಆನ್ಸರ್‌ನಲ್ಲಿಯೂ ಡಬ್ಲ್ಯು ಇದೆಯಲ್ಲ, ಅದು ಯಾಕೆ?” ಎಂದು ಕೇಳಿದಳು. ನನಗೆ ತಿಳಿದಿರಲಿಲ್ಲ. ಮನೆಗೆ ಹೋಗಿ ನಿಘಂಟು ನೋಡಿದೆ. ಆಣೆ ಮಾಡುವುದಕ್ಕೆ ಹೇಳುವ ‘ಸ್ವೇರ್’ ಪದಕ್ಕೂ ಅದಕ್ಕೂ ಮೂಲ ಒಂದೇ; ಹಿಂದೆ ಆ ಡಬ್ಲ್ಯು ಕೇಳಿಸುತ್ತಿತ್ತು. ಮರುದಿನ ಇದನ್ನು ಹೇಳುತ್ತಿದ್ದಂತೆ ಅವಳು ಪುಸ್ತಕ ತಿರುವಿ ಕತ್ತಿಯ ಇಂಗ್ಲಿಷ್ ಹೆಸರಿನ ಮೇಲೆ ಬೆರಳಿಟ್ಟಳು. “ಇದರಲ್ಲಿಯೂ ಇದೆ, ಸರ್.”