ಎಷ್ಟನೇ ಪಾರಾ ಅಂತ ಕೇಳಬೇಡಿ: ಕುರ್‌ಆನ್ ಓದುವ, ಪಾಲಿಸುವ ಬಗೆ

ರಂಝಾನ್ ಬಂತೆಂದರೆ ಒಂದು ಪ್ರಶ್ನೆ ಕಿವಿಗೆ ಬೀಳುತ್ತಲೇ ಇರುತ್ತದೆ: ‘ನಿಮ್ಮದು ಎಷ್ಟನೇ ಪಾರಾ?’ ಪಾರಾ ಅಂದರೆ ಕುರ್‌ಆನಿನ 30 ಭಾಗಗಳಲ್ಲಿ ಒಂದು. ಒಂದು ಸಲ ನನ್ನನ್ನು ಹೀಗೆ ಕೇಳಿದ ನೆಂಟರು ಆಗಲೇ 18ರಲ್ಲಿದ್ದರು. ನಾನು 9 ಅಂದೆ. ಪಾಪ ಅನ್ನುವ ಹಾಗೆ ನೋಡಿದರು. ಆ 18ನೇ ಪಾರಾದಲ್ಲೇ ಒಂದು ಮಾತಿದೆ: ಬೇರೆಯವರ ಮನೆಗೆ ಅನುಮತಿ ಕೇಳದೆ, ಸಲಾಂ ಹೇಳದೆ ಹೋಗಬೇಡಿ, ವಾಪಸ್ ಹೋಗಿ ಅಂದರೆ ವಾಪಸ್ ಹೋಗಿ (24:27-28, ಅಂದರೆ 24ನೇ ಸೂರಾ ಎಂಬ ಅಧ್ಯಾಯದ 27, 28ನೇ ಆಯತ್ ಎಂಬ ವಚನಗಳು). ನೆಂಟರು ಅದನ್ನು ಓದಿ ಮುಗಿಸಿದ್ದರು. ಬಾಗಿಲು ಮಾತ್ರ ತಟ್ಟದೆ ಸೀದಾ ಒಳಗೆ ಬಂದಿದ್ದರು.

ಹಲವು ವರ್ಷ ದೊಡ್ಡವರಿಗೆ ಕುರ್‌ಆನ್ ಓದಲು ಹೇಳಿಕೊಟ್ಟಿದ್ದೇನೆ. ಎಡವುವವರೆಲ್ಲ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಎಡವುತ್ತಾರೆ. ಓದುವಾಗ ಎಲ್ಲಿ ನಿಲ್ಲಬೇಕು ಅಂತ ಗೊತ್ತಿರುವುದಿಲ್ಲ. ಓದಿದ್ದನ್ನು ಬದುಕಿಗೆ ತರುವಾಗಲೂ ಅದೇ ಕತೆ. ಹಾಗಾಗಿ ಇಲ್ಲಿ ನಿಲ್ಲುವುದರ ಬಗ್ಗೆಯೇ ಮಾತು ಜಾಸ್ತಿ. ಉಳಿದದ್ದನ್ನು ಬೇಗ ಮುಗಿಸುತ್ತೇನೆ.

ಹಂತ 1: ಒಂದು ಪ್ರತಿ ಇಟ್ಟುಕೊಳ್ಳಿ

ಅಕ್ಷರ ದೊಡ್ಡದಿರಲಿ, ಸ್ವರಚಿಹ್ನೆಗಳು ಕಣ್ಣಿಗೆ ಹೊಡೆದ ಹಾಗೆ ಕಾಣಲಿ. ನನ್ನ ಆಯ್ಕೆ 604 ಪುಟದ, ಪುಟಕ್ಕೆ 15 ಸಾಲಿನ ಮದೀನಾ ಮಾದರಿ. ಅದರಲ್ಲಿ ಪ್ರತಿ ಪುಟವೂ ಆಯತಿನ ಕೊನೆಗೇ ಮುಗಿಯುತ್ತದೆ, ಅರ್ಧ ವಾಕ್ಯದಲ್ಲಿ ಹಾಳೆ ತಿರುಗಿಸುವ ಗೋಳಿಲ್ಲ. ಯಾವುದೇ ಮುದ್ರಣ ತೆಗೆದುಕೊಳ್ಳಿ, ಆಮೇಲೆ ಬದಲಾಯಿಸಬೇಡಿ. ಯಾವ ಸಾಲು ಪುಟದ ಯಾವ ಮೂಲೆಯಲ್ಲಿದೆ ಎಂದು ಕಣ್ಣು ನೆನಪಿಟ್ಟುಕೊಳ್ಳುತ್ತದೆ.

ಪುಟಕ್ಕೊಂದು ಬಣ್ಣ ಬಳಿದ ಪ್ರತಿಗಳು, ಕೀಚೈನಿಗೆ ನೇತುಹಾಕುವ ಬೆರಳುದ್ದದ ಪ್ರತಿಗಳು, ವೆಲ್ವೆಟ್ ಪೆಟ್ಟಿಗೆಯ ಉಡುಗೊರೆ ಪ್ರತಿಗಳು ಬೇಡ. ಕೊನೆಯದನ್ನಂತೂ ಕೊಟ್ಟವರೂ ತೆರೆದಿರುವುದಿಲ್ಲ, ಪಡೆದವರೂ ತೆರೆಯುವುದಿಲ್ಲ.

ಹಂತ 2: ಶುಚಿ, ಜಾಗ

ವುಝೂ (ಕೈಕಾಲು ಮುಖ ತೊಳೆಯುವ ಶುದ್ಧಿ) ಮಾಡಿ, ಶುಚಿಯಾದ ಕಡೆ ಕೂತು, ‘ಅಊಝು ಬಿಲ್ಲಾಹ್’ (ಅಲ್ಲಾಹನ ಆಶ್ರಯ ಬೇಡುತ್ತೇನೆ) ಹೇಳಿ ಶುರು ಮಾಡಿ. ಮುಟ್ಟಿನ ದಿನಗಳ ವಿಷಯದಲ್ಲಿ ಮದ್‌ಹಬ್‌ಗಳ (ಧರ್ಮಶಾಸ್ತ್ರದ ಪಂಥಗಳ) ನಡುವೆ ಅಭಿಪ್ರಾಯಭೇದ ಇದೆ, ನಿಮ್ಮ ಉಸ್ತಾದರನ್ನೋ ಉಸ್ತಾದಿಯನ್ನೋ ಕೇಳಿಕೊಳ್ಳಿ.

ಇಡುವ ಜಾಗದ ಬಗ್ಗೆ ಒಂದು ಮಾತು. ಗೌರವ ಅಂತ ಬಟ್ಟೆ ಸುತ್ತಿ ಬೀರುವಿನ ನೆತ್ತಿಯ ಮೇಲೆ ಇಡುವವರಿದ್ದಾರೆ. ಸ್ಟೂಲ್ ಹತ್ತಿ ತೆಗೆಯಬೇಕಾದ ಪುಸ್ತಕವನ್ನು ಯಾರೂ ದಿನಾ ತೆಗೆಯುವುದಿಲ್ಲ. ನೆಲಕ್ಕಿಂತ ಎತ್ತರದಲ್ಲಿ, ಬೇರೆ ಪುಸ್ತಕಗಳ ಅಡಿಗೆ ಬೀಳದ ಹಾಗೆ, ಕೂತಲ್ಲಿಂದ ಕೈ ಚಾಚಿದರೆ ಸಿಗುವ ಕಡೆ ಇಡಿ.

ಹಾಗೇ ಫೋನಿನ ರಿಂಗ್‌ಟೋನ್‌ಗೆ ತಿಲಾವತ್ (ಕುರ್‌ಆನ್ ಪಠಣ) ಹಾಕಿದ್ದರೆ ಈಗಲೇ ತೆಗೆಯಿರಿ. ನಾನೂ ಹಾಕಿಕೊಂಡಿದ್ದೆ. ಕರೆ ಬಂದಾಗ ಹಸಿರು ಗುಂಡಿ ಒತ್ತಿದ್ದೇ ಆಯತ್ ಅರ್ಧಕ್ಕೆ ತುಂಡಾಗುತ್ತಿತ್ತು. ಕುರ್‌ಆನ್ ಓದುವಾಗ ಮೌನವಾಗಿದ್ದು ಕೇಳಿ ಎಂದಿದೆ (7:204). ನಾನು ಅದನ್ನು ಬಾಯಿ ಮುಚ್ಚಿಸಿ ‘ಹಲೋ’ ಅನ್ನುತ್ತಿದ್ದೆ.

ಹಂತ 3: ಅಕ್ಷರ ಕಲಿಯಿರಿ, ಕನ್ನಡ ಲಿಪಿಯಲ್ಲಿ ಓದಬೇಡಿ

ಇದು ಅಡ್ಡದಾರಿಗಳ ಪೈಕಿ ಅತಿ ಜನಪ್ರಿಯ. ಅರಬಿ ಬಾರದವರು ಕನ್ನಡ ಲಿಪಿಯ ಪುಸ್ತಕ ಹಿಡಿದು ಓದಿ, ಆಯ್ತು ಅನ್ನುತ್ತಾರೆ. ನಮ್ಮ ಲಿಪಿ ಚೆನ್ನಾಗಿದೆ, ಆದರೆ ಈ ಕೆಲಸಕ್ಕೆ ಸಾಲದು. ‘ಕಲ್ಬ್’ ಅಂತ ಬರೆಯಿರಿ. ಗಂಟಲ ಹತ್ತಿರದಿಂದ ಬರುವ ಕಾಫ್ ಆದರೆ ಅದು ಹೃದಯ. ಸ್ವಲ್ಪ ಮುಂದಿನಿಂದ ಬರುವ ಕಾಫ್ ಆದರೆ ನಾಯಿ. ಕನ್ನಡದಲ್ಲಿ ಎರಡೂ ಒಂದೇ. ‘ಅಲೀಮ್’ ನೋಡಿ. ಐನ್ ಅಕ್ಷರದಿಂದ ಶುರುವಾದರೆ ‘ಎಲ್ಲವನ್ನೂ ಬಲ್ಲವನು’, ಅಲ್ಲಾಹನ ಹೆಸರುಗಳಲ್ಲಿ ಒಂದು. ಅಲಿಫ್‌ನಿಂದ ಶುರುವಾದರೆ ‘ನೋವು ಕೊಡುವ’, ಶಿಕ್ಷೆಯ ಬಗ್ಗೆ ಬರುವ ಮಾತು. ಲಿಪಿ ನಂಬಿಕೊಂಡರೆ ನೀವು ಯಾವುದನ್ನು ಹೇಳಿದಿರಿ ಎಂದು ನಿಮಗೇ ತಿಳಿಯದು.

ಆಪ್‌ಗಳು ಕೇಳಿಸಿಕೊಳ್ಳಲು ಚೆನ್ನ. ತಿದ್ದಲು ಎದುರಿಗೊಬ್ಬ ಮನುಷ್ಯ ಬೇಕು. ನಿಮ್ಮ ಬಾಯಿ ನೋಡಿ ‘ನಾಲಿಗೆ ಹಿಂದಕ್ಕೆ ತಗೊಳ್ಳಿ’ ಎನ್ನುವವರು. ನಾನೇ ಒಮ್ಮೆ 30 ದಿನದಲ್ಲಿ ತಜ್ವೀದ್ (ಸರಿಯಾದ ಉಚ್ಚಾರಣೆಯ ವಿದ್ಯೆ) ಎಂಬ ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಿದ್ದೆ. ಕೊನೆಗೆ ಪ್ರಮಾಣಪತ್ರ ಬಂತು, ‘ದ್ವಾದ್’ ಅಕ್ಷರ ಬರಲಿಲ್ಲ.

ವಯಸ್ಸಾಯ್ತು, ನಾಲಿಗೆ ಹೊರಳುವುದಿಲ್ಲ ಎನ್ನುವವರಿಗೆ: ತಡವರಿಸುತ್ತಾ ಕಷ್ಟಪಟ್ಟು ಓದುವವನಿಗೆ ಎರಡು ಪ್ರತಿಫಲ ಎಂದು ಪ್ರವಾದಿ ಹೇಳಿದ ಮಾತು ಬುಖಾರಿ, ಮುಸ್ಲಿಮ್ ಎಂಬ ಎರಡೂ ಹದೀಸ್ (ಪ್ರವಾದಿಯ ನುಡಿನಡೆಗಳ) ಸಂಗ್ರಹಗಳಲ್ಲಿ ಇದೆ. ನಾಚಿಕೆ ಬೇಡ.

ಹಂತ 4: ನಿಲ್ಲುವುದನ್ನು ಕಲಿಯಿರಿ

ಇಲ್ಲಿಯೇ ಎಲ್ಲ ಕೆಡುವುದು. ಆರು ವರ್ಷದ ಮಗುವಾಗಿದ್ದಾಗ ಕಲಿತವರೂ ಇಲ್ಲಿ ಜಾರುತ್ತಾರೆ. ಉಸಿರು ಇರುವವರೆಗೆ ಎಳೆಯುವುದು, ಮುಗಿದಲ್ಲಿ ನಿಲ್ಲುವುದು, ಮತ್ತೆ ಮುಂದಿನ ಪದದಿಂದ ಹೊರಡುವುದು. ಹಾಗೆ ಮಾಡಿದರೆ ಅರ್ಥ ಎಲ್ಲೆಲ್ಲೋ ತುಂಡಾಗುತ್ತದೆ.

ಪರಿಚಿತ ಉದಾಹರಣೆ 4:43. ‘ನಮಾಝಿನ ಹತ್ತಿರ ಹೋಗಬೇಡಿ’ ಅಂತ ನಿಂತುಬಿಟ್ಟರೆ? ಮುಂದಿನ ಪದಗಳು ‘ಅಮಲಿನಲ್ಲಿರುವಾಗ’. ಇನ್ನೊಂದು 107ನೇ ಸೂರಾದ್ದು. ‘ನಮಾಝ್ ಮಾಡುವವರಿಗೆ ವಿನಾಶ’ ಎಂದು ಆಯತ್ತೇ ಮುಗಿಯುತ್ತದೆ. ಅಲ್ಲೇ ಪುಸ್ತಕ ಮುಚ್ಚಿ ಎದ್ದರೆ ಕತೆ ಉಲ್ಟಾ. ಅವರು ಯಾರು ಅಂತ ಮುಂದಿನ ಆಯತ್‌ಗಳು ಹೇಳುತ್ತವೆ: ನಮಾಝಿನ ಬಗ್ಗೆ ಅಸಡ್ಡೆ ತೋರುವವರು, ತೋರಿಕೆಗೆ ಮಾಡುವವರು, ಚಿಕ್ಕಪುಟ್ಟ ಸಹಾಯಕ್ಕೂ ಕೈ ಹಿಂದೆ ಎಳೆಯುವವರು.

ಇವೆರಡೂ ಸುಮಾರು ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಯಾಸೀನ್ ಸೂರಾದಲ್ಲಿದೆ, ಅದೇ ಎಲ್ಲರೂ ಅತಿ ವೇಗದಲ್ಲಿ ಓದುವ ಸೂರಾ. 76ನೇ ಆಯತ್ ತೆರೆಯಿರಿ. ವಿರೋಧಿಗಳ ಬಗ್ಗೆ ಪ್ರವಾದಿಗೆ ‘ಅವರ ಮಾತು ನಿನ್ನನ್ನು ನೋಯಿಸದಿರಲಿ’ ಎಂದಾದ ಮೇಲೆ ಪುಟ್ಟದೊಂದು ಮೀಮ್ ಅಕ್ಷರ ಇದೆ. ಆ ಮೀಮ್ ಅಂದರೆ ನಿಲ್ಲಲೇಬೇಕು. ಮುಂದಿನದು ಅಲ್ಲಾಹನ ಮಾತು: ‘ಅವರು ಮುಚ್ಚಿಡುವುದೂ ಹೊರಗೆ ತೋರುವುದೂ ನಮಗೆ ಗೊತ್ತು.’ ನಿಲ್ಲದೆ ಓದಿದರೆ ‘ನಮಗೆ ಗೊತ್ತು’ ಎನ್ನುವುದು ಆ ವಿರೋಧಿಗಳ ಬಾಯಿಗೆ ಹೋಗುತ್ತದೆ. ಒಂದು ಉಸಿರಿನ ವ್ಯತ್ಯಾಸ ಅಷ್ಟೇ.

ಅದೇ ಸೂರಾದ 52ರಲ್ಲಿ ‘ಸಕ್ತಾ’ ಇದೆ, ಉಸಿರು ಬಿಡದೆ ಚೂರು ತಡೆಯುವುದು. ಸಮಾಧಿಯಿಂದ ಎದ್ದವರು ‘ನಮ್ಮನ್ನು ಮಲಗಿದ್ದಲ್ಲಿಂದ ಎಬ್ಬಿಸಿದವರು ಯಾರು?’ ಎನ್ನುತ್ತಾರೆ. ತಡೆ. ಆಮೇಲೆ ಉತ್ತರ: ‘ಇದೇ ರಹ್ಮಾನನು (ಕರುಣಾಮಯಿ ಅಲ್ಲಾಹನು) ಕೊಟ್ಟ ಮಾತು.’ ತಡೆಯದಿದ್ದರೆ ಪ್ರಶ್ನೆಯೂ ಉತ್ತರವೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಚಿಹ್ನೆಗಳನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಮೀಮ್ ಇದ್ದರೆ ನಿಲ್ಲಲೇಬೇಕು. ಲಾಮ್-ಅಲಿಫ್ ಇದ್ದರೆ ಅಲ್ಲಿ ನಿಲ್ಲಬಾರದು. ಜೀಮ್ ಇದ್ದರೆ ನಿಂತರೂ ಸರಿ, ಹೋದರೂ ಸರಿ. ಮೂರು ಚುಕ್ಕಿ ಹತ್ತಿರ ಹತ್ತಿರ ಎರಡು ಕಡೆ ಇದ್ದರೆ ಒಂದು ಕಡೆ ಮಾತ್ರ ನಿಲ್ಲಿ, ಎರಡೂ ಕಡೆ ಬೇಡ. 2ನೇ ಸೂರಾದ 2ನೇ ಆಯತಿನಲ್ಲೇ ಇದು ಸಿಗುತ್ತದೆ. ಮುದ್ರಣದಿಂದ ಮುದ್ರಣಕ್ಕೆ ಇನ್ನೂ ಕೆಲವು ಚಿಹ್ನೆ ಇರುತ್ತವೆ, ಕೊನೆಯ ಪುಟಗಳಲ್ಲಿ ವಿವರಣೆ ಇದೆ. ಅದನ್ನು ತಿರುಗಿಸಿ ನೋಡಿದವರನ್ನು ನಾನು ಇನ್ನೂ ಕಾಯುತ್ತಿದ್ದೇನೆ!

ನಡುವೆ ಉಸಿರು ಮುಗಿದರೆ? ಪದ ಪೂರ್ತಿ ಹೇಳಿ ನಿಲ್ಲಿ. ಉಸಿರು ತೆಗೆದುಕೊಂಡು ಎರಡು ಮೂರು ಪದ ಹಿಂದೆ ಹೋಗಿ, ಅರ್ಥ ಕೂಡುವ ಕಡೆಯಿಂದ ಮತ್ತೆ ಹಿಡಿಯಿರಿ. ಹಿಂದೆ ಹೋಗುವುದೇ ಗುಟ್ಟು. ಜನ ಅವಮಾನ ಅಂದುಕೊಂಡು ಹೋಗುವುದಿಲ್ಲ. ನಿಂತಾಗ ಕೊನೆಯ ಸ್ವರ ಬೀಳುತ್ತದೆ: ‘ಆಲಮೀನ’ ಎಂಬುದು ‘ಆಲಮೀನ್’ ಆಗುತ್ತದೆ.

ಅಭ್ಯಾಸಕ್ಕೆ ಹೀಗೆ ಮಾಡಿ. ಪುಟದ ಜೆರಾಕ್ಸ್ ತೆಗೆದು, ನಿಲ್ಲುವ ಕಡೆಗಳಿಗೆಲ್ಲ ಪೆನ್ಸಿಲ್ ಗೆರೆ ಹಾಕಿ. ಓದುತ್ತಾ ಫೋನಿನಲ್ಲಿ ರೆಕಾರ್ಡ್ ಮಾಡಿ, ಗೆರೆ ನೋಡುತ್ತಾ ಕೇಳಿ. ಮೊದಲ ಸಲ ಕೇಳಿದಾಗ ನಾನು ಫೋನ್ ಮಗುಚಿಟ್ಟೆ.

ವೇಗದ ಬಗ್ಗೆ ಇಷ್ಟೇ: 3 ದಿನಕ್ಕಿಂತ ಬೇಗ ಇಡೀ ಕುರ್‌ಆನ್ ಓದಿದವನಿಗೆ ಅರ್ಥವಾಗಿರುವುದಿಲ್ಲ ಎಂದು ಹದೀಸ್ ಇದೆ. ದಿನಕ್ಕೆ 1 ಪುಟ ಓದಿದರೆ 20 ತಿಂಗಳಲ್ಲಿ ಮುಗಿಯುತ್ತದೆ. ಇಳಿದು ಬರಲು 23 ವರ್ಷ ಹಿಡಿದ ಗ್ರಂಥಕ್ಕೆ 20 ತಿಂಗಳು ಜಾಸ್ತಿಯೇನಲ್ಲ, ಅಲ್ವಾ?

ಹಂತ 5: ಅರ್ಥ

ಓದಿದ ಪುಟದ ಅರ್ಥವನ್ನು ಅದೇ ದಿನ ನಿಮ್ಮ ಭಾಷೆಯಲ್ಲಿ ಓದಿ. ಎರಡು ಅನುವಾದ ಇದ್ದರೆ ಒಳ್ಳೆಯದು. ಅವು ಎಲ್ಲಿ ಬೇರೆ ಬೇರೆ ಹೇಳುತ್ತವೋ ಅಲ್ಲಿ ವ್ಯಾಖ್ಯಾನ ತೆರೆಯಬೇಕು ಎಂದು ಅರ್ಥ. ವಾರಸುದಾರಿಕೆ, ತಲಾಕ್ ಇಂಥ ಕಾನೂನಿನ ಆಯತ್‌ಗಳನ್ನು ಅನುವಾದ ಓದಿ ನೀವೇ ತೀರ್ಮಾನ ಮಾಡಬೇಡಿ, ಬಲ್ಲವರನ್ನು ಕೇಳಿ. ಫೋನಿಗೆ ಬರುವ ಒಂಟಿ ಆಯತಿನ ಚಿತ್ರಗಳನ್ನು ಹಿಂದಿನ ಮುಂದಿನ ಐದು ಆಯತ್ ಓದದೆ ಮುಂದಕ್ಕೆ ಕಳಿಸಬೇಡಿ.

ಹಂತ 6: ಒಂದು ಆಯತ್, ಒಂದು ಕೆಲಸ

ಪ್ರವಾದಿಯವರ ಸಂಗಾತಿಗಳು 10 ಆಯತ್ ಕಲಿತರೆ ಅದರಲ್ಲಿರುವ ತಿಳಿವಳಿಕೆ ಮತ್ತು ಆಚರಣೆ ಕಲಿಯುವವರೆಗೆ ಮುಂದಕ್ಕೆ ಹೋಗುತ್ತಿರಲಿಲ್ಲ ಎಂದು ವರದಿ ಇದೆ. ನಾವು ಒಂದರಿಂದ ಶುರು ಮಾಡೋಣ.

ವಾರಕ್ಕೆ ಒಂದೇ ಆಯತ್ ಆರಿಸಿ. ಕಾಗದದ ಮೇಲೆ ಬರೆಯಿರಿ. ಅದರ ಕೆಳಗೆ ಹೆಸರು, ಹೊತ್ತು, ಕೆಲಸ ಬರೆಯಿರಿ. ‘ಒಳ್ಳೆಯವನಾಗುತ್ತೇನೆ’ ಅಂತ ಬರೆದರೆ ಕಾಗದ ದಂಡ. 17:23ರಲ್ಲಿ ತಂದೆತಾಯಿಗೆ ‘ಉಫ್’ ಅಂತಲೂ ಹೇಳಬೇಡಿ ಎಂದಿದೆ. ನಾನು ಅಮ್ಮನಿಗೆ ಯಾವಾಗ ‘ಉಫ್’ ಅನ್ನುತ್ತೇನೆ? ಫೋಟೊ ಕಳಿಸುವುದು ಹೇಗೆ ಅಂತ ಮೂರನೇ ಸಲ ಕೇಳಿದಾಗ. ಹಾಗಾದರೆ ಆ ವಾರದ ಕೆಲಸ ಅಷ್ಟೇ: ಮೂರನೇ ಸಲವೂ ಅಮ್ಮನ ಬೆರಳು ಹಿಡಿದು ಗುಂಡಿ ತೋರಿಸುವುದು. ನನಗೆ ಆ ವಾರ ಎರಡು ಸಲ ತಪ್ಪಿತು.

ಕುರ್‌ಆನಿನ ಅತಿ ಉದ್ದದ ಆಯತ್ 2:282. ಮದೀನಾ ಪ್ರತಿಯಲ್ಲಿ ಒಂದಿಡೀ ಪುಟ. ಸ್ವರ್ಗ ನರಕದ ವರ್ಣನೆ ಇರಬಹುದು ಅಂದುಕೊಳ್ಳುವವರೇ ಜಾಸ್ತಿ. ಅದು ಸಾಲದ ಬಗ್ಗೆ. ಬರೆದಿಡಿ, ಸಾಲ ಪಡೆದವನು ಬರೆಸಲಿ, ಸಾಕ್ಷಿ ಇರಲಿ, ಮೊತ್ತ ಚಿಕ್ಕದಾದರೂ ಬೇಸರಪಡಬೇಡಿ. ಇದನ್ನು ಓದಿಯೂ ನಾನು ಗೆಳೆಯನಿಗೆ ಬಾಯಿಮಾತಿನಲ್ಲಿ ಕೊಟ್ಟೆ. ಬರೆಯೋಣ ಅಂದರೆ ಏನಂದುಕೊಳ್ಳುತ್ತಾನೋ ಎಂಬ ಸಂಕೋಚ. ವರ್ಷದ ಮೇಲೆ ಅವನು ಹೇಳಿದ ಮೊತ್ತ ಒಂದು, ನನಗೆ ನೆನಪಿದ್ದದ್ದು ಇನ್ನೊಂದು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ದುಡ್ಡು ಬಂತು, ಮಾತು ಮಾತ್ರ ಕಡಿಮೆಯಾಯಿತು.

ಕೋಪದ ಹೊತ್ತಿನಲ್ಲಿ ಏನು ಮಾಡಬೇಕು ಎನ್ನುವುದಕ್ಕೆ ಬುಖಾರಿಯಲ್ಲಿ ಒಂದು ಘಟನೆ ಇದೆ. ಖಲೀಫ ಉಮರ್ ಹತ್ತಿರ ಉಯೈನಾ ಎಂಬವನು ಬಂದು ಮುಖಕ್ಕೇ ಹೇಳಿದ: ನೀನು ನಮಗೆ ಸರಿಯಾಗಿ ಕೊಡುವುದಿಲ್ಲ, ನ್ಯಾಯವಾಗಿ ಆಳುವುದೂ ಇಲ್ಲ. ಉಮರ್‌ಗೆ ಸಿಟ್ಟು ನೆತ್ತಿಗೇರಿ ಇನ್ನೇನು ಹೊಡೆಯಬೇಕು, ಪಕ್ಕದಲ್ಲಿದ್ದ ಹುರ್ ಬಿನ್ ಕೈಸ್ 7:199 ಓದಿದರು: ‘ಕ್ಷಮೆಯನ್ನು ಹಿಡಿ, ಒಳಿತನ್ನು ಹೇಳು, ತಿಳಿಗೇಡಿಗಳಿಂದ ಮುಖ ತಿರುಗಿಸು.’ ಉಮರ್ ಅದನ್ನು ದಾಟಿ ಒಂದು ಹೆಜ್ಜೆ ಇಡಲಿಲ್ಲ. ಅವರು ಅಲ್ಲಾಹನ ಗ್ರಂಥದ ಎದುರು ನಿಂತುಬಿಡುವವರಾಗಿದ್ದರು ಎಂದು ವರದಿ ಮಾಡಿದವರು ಹೇಳುತ್ತಾರೆ. ‘ವಕ್ಕಾಫ್’ ಎಂಬ ಪದ ಬಳಸುತ್ತಾರೆ. ಓದುವಾಗ ನಿಲ್ಲುವ ‘ವಕ್ಫ್’ ಇದೆಯಲ್ಲ, ಅದರದೇ ಬೇರಿನ ಪದ.

ಹುರ್ ಹಾಗೆ ಓದಿ ತೋರಿಸುವವರು ನಿಮ್ಮ ಪಕ್ಕದಲ್ಲಿ ಇದ್ದರೆ ಬಿಡಬೇಡಿ. ಆದರೆ ನೀವೇ ಎಲ್ಲರಿಗೂ ಹುರ್ ಆಗಲು ಹೋಗಬೇಡಿ. ಅತ್ತೆಗೆ ಬೇಕಾದ ಆಯತ್ ಸೊಸೆಗೆ ಬೇಗ ಸಿಗುತ್ತದೆ, ಸೊಸೆಗೆ ಬೇಕಾದದ್ದು ಅತ್ತೆಗೆ. ಕಾಗದದಲ್ಲಿ ಬರೆಯುವ ಹೆಸರು ನಿಮ್ಮದೇ ಇರಲಿ.

ಎಲ್ಲಿಂದ ಶುರು ಎಂದರೆ 49ನೇ ಸೂರಾ, ಅಲ್-ಹುಜುರಾತ್. ಬರೀ 18 ಆಯತ್. ಬಂದ ಸುದ್ದಿ ನಿಜವೇ ನೋಡಿ, ಗೇಲಿ ಮಾಡಬೇಡಿ, ಅಡ್ಡಹೆಸರಿಟ್ಟು ಕರೆಯಬೇಡಿ, ಬೇರೆಯವರ ಗುಟ್ಟು ಕೆದಕಬೇಡಿ, ಬೆನ್ನ ಹಿಂದೆ ಆಡಿಕೊಳ್ಳಬೇಡಿ. ನಾಲ್ಕು ತಿಂಗಳಿಗೆ ಸಾಕಾಗುವಷ್ಟು ಕೆಲಸ.

ಹಂತ 7: ಹಳೆಯ ಪ್ರತಿ

ಹರಿದ ಪ್ರತಿಯನ್ನು ರದ್ದಿಗೆ ಹಾಕಬೇಡಿ, ಮೂಲೆಯಲ್ಲಿ ಹುಳ ಹಿಡಿಯಲೂ ಬಿಡಬೇಡಿ. ಶುದ್ಧ ಬಟ್ಟೆಯಲ್ಲಿ ಸುತ್ತಿ, ಯಾರೂ ತುಳಿಯದ ಕಡೆ ಹೂಳಿ. ಖಲೀಫ ಉಸ್ಮಾನ್ ಪ್ರಮಾಣಿತ ಪ್ರತಿ ಮಾಡಿಸಿದಾಗ ಉಳಿದವನ್ನು ಸುಡಿಸಿದರು, ಹಾಗಾಗಿ ಗೌರವದಿಂದ ಸುಡುವುದೂ ಸರಿ ಎನ್ನುವ ವಿದ್ವಾಂಸರಿದ್ದಾರೆ. ನನ್ನ ಮತ ಹೂಳುವುದಕ್ಕೆ.

ಹೂಳುವ ಮೊದಲು ಹಾಳೆಗಳ ನಡುವೆ ಒಮ್ಮೆ ನೋಡಿ. ಅಜ್ಜಿಯ ಪ್ರತಿಯಲ್ಲಿ ನನಗೆ ಒಂದು ಒಣಗಿದ ಎಲೆ, ಒಂದು ಬಸ್ ಟಿಕೆಟ್, ನಾಲ್ಕಾಗಿ ಮಡಿಸಿದ ಒಂದು ಚೀಟಿ ಸಿಕ್ಕವು. ಚೀಟಿಯಲ್ಲಿ ಪಕ್ಕದ ಮನೆಯವರಿಗೆ ಕೊಟ್ಟ ಸಣ್ಣ ಸಾಲದ ಲೆಕ್ಕ, ತಾರೀಖು, ಇಬ್ಬರ ಸಾಕ್ಷಿ ಸಹಿ. ಅಡ್ಡಗೆರೆ ಎಳೆದು ಕೆಳಗೆ ‘ಬಂತು’ ಎಂದು ಬರೆದಿತ್ತು.