ಹುಳು ಮನೆಗೆ ಬ್ಯಾಟರಿ ದೀಪ: ಎಲ್‌ಇಡಿ ಸುಡದಂತೆ ಕಟ್ಟುವುದು

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಮನೆಯಲ್ಲಿ ರಾತ್ರಿ ಸೊಪ್ಪು ಹಾಕುವ ಹೊತ್ತಿಗೇ ಕರೆಂಟ್ ಹೋದರೆ, ಹಳೆಯ 12 ವೋಲ್ಟಿನ ಬೈಕ್ ಬ್ಯಾಟರಿ ಸಾಕು. ಒಂದು ಸಾಲಿಗೆ 5 ಮಿ.ಮೀ. ಬಿಳಿ ಎಲ್‌ಇಡಿ ಮೂರು, ಕರೆಂಟನ್ನು ಮಿತಿಯಲ್ಲಿಡುವ ಕಾಲು ವ್ಯಾಟಿನ 270 ಓಮ್ ರೆಸಿಸ್ಟರ್ ಒಂದು. ರೆಸಿಸ್ಟರ್ ಮೇಲಿನ ಪಟ್ಟಿ ಕೆಂಪು, ನೇರಳೆ, ಕಂದು ಇರಬೇಕು.

ಎಲ್‌ಇಡಿಯಲ್ಲಿ ಕಾದು ಉರಿಯುವ ತಂತಿ ಇಲ್ಲ. ಸಾಸಿವೆ ಕಾಳಿಗಿಂತ ಚಿಕ್ಕ ಚಿಪ್‌ನಲ್ಲಿ ಎರಡು ಪದರ: ಒಂದರಲ್ಲಿ ಎಲೆಕ್ಟ್ರಾನ್ ಹೆಚ್ಚು, ಇನ್ನೊಂದರಲ್ಲಿ ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗ, ಅಂದರೆ ರಂಧ್ರ. ಕರೆಂಟ್ ಹರಿದಾಗ ಎರಡೂ ಪದರ ಸೇರುವಲ್ಲಿ ಎಲೆಕ್ಟ್ರಾನ್ ರಂಧ್ರಕ್ಕೆ ಬೀಳುತ್ತದೆ. ಬೀಳುವಾಗ ಕಳೆದುಕೊಂಡ ಶಕ್ತಿಯೇ ಬೆಳಕು. ಬಿದ್ದ ಎತ್ತರ ಹೆಚ್ಚಿದಷ್ಟೂ ಬಣ್ಣ ನೀಲಿಯ ಕಡೆಗೆ. ಅದಕ್ಕೇ ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ನೀಲಿಗೆ 3 ದಾಟಬೇಕು. ಬಿಳಿಯದ್ದೂ ಅಸಲಿಗೆ ನೀಲಿಯೇ. ಆರಿಸಿ ಒಳಗೆ ಇಣುಕಿ, ಚಿಪ್ ಮೇಲೆ ಹಳದಿ ಪುಡಿಯ ಲೇಪ ಕಾಣುತ್ತದೆ. ನೀಲಿಯ ಒಂದು ಪಾಲನ್ನು ಅದು ಹಳದಿ ಮಾಡಿ ಬಿಡುತ್ತದೆ, ಎರಡೂ ಬೆರೆತು ಕಣ್ಣಿಗೆ ಬಿಳಿ.

ಬೇಕಾದ ವೋಲ್ಟ್ ಮುಟ್ಟಿದ ಮೇಲೆ ಇನ್ನು ಕಾಲು ವೋಲ್ಟ್ ಏರಿದರೂ ಕರೆಂಟ್ ಎಗರುತ್ತದೆ, ಚಿಪ್ ಸುಡುತ್ತದೆ. ಹಿಡಿದು ನಿಲ್ಲಿಸುವುದು ರೆಸಿಸ್ಟರ್. ತಪ್ಪುವುದು ಈ ಲೆಕ್ಕದಲ್ಲೇ. ಒಂದಕ್ಕೆ 3.1ರಂತೆ ಮೂರು ಎಲ್‌ಇಡಿಗೆ 9.3 ವೋಲ್ಟ್ ಹೋಯಿತು. ಉಳಿದ ವೋಲ್ಟನ್ನು ಓಮಿನಿಂದ ಭಾಗಿಸಿದರೆ ಹರಿಯುವ ಕರೆಂಟ್ ಸಿಗುತ್ತದೆ. ಬ್ಯಾಟರಿ 12.6 ಅಂತ 180 ಓಮ್ ಹಾಕಿದರೆ ಮೊದಲು ಚೆನ್ನಾಗಿಯೇ ಉರಿಯುತ್ತದೆ. ಚಾರ್ಜರ್ ಹಾಕಿದಾಗ ಬ್ಯಾಟರಿ 14.4ಕ್ಕೆ ಏರಿ, 20 ಮಿಲಿಆಂಪ್ ತಾಳುವ ಎಲ್‌ಇಡಿಯಲ್ಲಿ 28 ಹರಿಯುತ್ತದೆ. 270 ಹಾಕಿದರೆ ಆಗಲೂ 19 ದಾಟದು. ಬೆಳಕು ತುಸು ಕಡಿಮೆ, ಇನ್ನೊಂದು ಸಾಲು ಸೇರಿಸಿಕೊಳ್ಳಿ. ಆದರೆ ಸಾಲಿಗೊಂದು ರೆಸಿಸ್ಟರ್ ಬೇಕೇ ಬೇಕು. ಎಲ್ಲಕ್ಕೂ ಒಂದೇ ಹಾಕಿದರೆ ಕಡಿಮೆ ವೋಲ್ಟಿಗೆ ಹೊತ್ತುವ ಸಾಲು ಹೆಚ್ಚು ಕರೆಂಟ್ ಎಳೆದುಕೊಂಡು ಮೊದಲು ಸಾಯುತ್ತದೆ.

ಉದ್ದ ಕಾಲು ಪ್ಲಸ್. ಕಾಲು ಕತ್ತರಿಸಿದ್ದರೆ ಬುಡದ ಅಂಚು ಸವರಿ, ಚಪ್ಪಟೆ ಇರುವ ಕಡೆ ಮೈನಸ್. ಒಂದರ ಮೈನಸ್ಸಿಗೆ ಮುಂದಿನದರ ಪ್ಲಸ್ ಬೆಸೆಯಿರಿ. ಬುಡದಿಂದ 3 ಮಿ.ಮೀ. ದೂರದಲ್ಲಿ, ಮೂರು ಸೆಕೆಂಡಿನೊಳಗೆ ಬೆಸುಗೆ ಮುಗಿಯಬೇಕು. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 1 ಆಂಪ್ ಫ್ಯೂಸ್ ಇರಲಿ, ತಂತಿ ತಾಗಿಕೊಂಡರೆ ಬೆಂಕಿಯೇ.

ಹುಳು ಮನೆಯ ತೇವ, ಸೋಂಕು ತೆಗೆಯಲು ಹೊಡೆಯುವ ಬ್ಲೀಚಿಂಗ್ ಪುಡಿ ಎರಡೂ ಎಲ್‌ಇಡಿಯ ಕಾಲುಗಳನ್ನು ತಿನ್ನುತ್ತವೆ. ಬೆಸುಗೆಗೆಲ್ಲ ವಾರ್ನಿಷ್ ಬಳಿಯಿರಿ. ಔಷಧಿ ಹೊಡೆಯುವ ದಿನ ದೀಪ ಹೊರಗಿಡಿ. ಸಾಲೊಂದು ಪೂರ್ತಿ ಆರಿದರೆ ಚಾರ್ಜರ್ ತೆಗೆದು, ಒಂದೊಂದೇ ಎಲ್‌ಇಡಿಯ ಎರಡು ಕಾಲಿಗೂ ತಂತಿ ತುಂಡು ಕ್ಷಣ ತಾಗಿಸಿ. ಉಳಿದೆರಡು ಹೊತ್ತಿಕೊಂಡರೆ ಕೆಟ್ಟಿರುವುದು ಅದೇ.