ಗುಜರಿಯವರೂ ಒಯ್ಯದ ಕಸ, ಬಚ್ಚಲ ಒಲೆಗೆ ಉರುವಲು

ಎಣ್ಣೆ ಹತ್ತಿದ ಪೇಪರು, ನೆನೆದ ರಟ್ಟು, ಮೊಟ್ಟೆ ಟ್ರೇ, ಟಿಶ್ಯೂ ಇವನ್ನು ಗುಜರಿಯವರು ಮುಟ್ಟುವುದಿಲ್ಲ. ಶಿರಸಿ ಕಡೆ ಇದಕ್ಕೆ ದರಕು (ಮರದಿಂದ ಉದುರಿದ ಒಣ ಎಲೆ), ಅಡಿಕೆ ಸಿಪ್ಪೆ ಸೇರಿಸಿದರೆ ಹಂಡೆ ನೀರು ಕಾಯಿಸಲು ಒಳ್ಳೆಯ ಉರುವಲು ಇಟ್ಟಿಗೆ ಆಗುತ್ತದೆ.

ಪೇಪರು, ರಟ್ಟನ್ನು ಹರಿದು ಮೂರು ದಿನ ನೆನೆಸಿ ಒನಕೆಯಲ್ಲಿ ಜಜ್ಜುತ್ತೇವೆ. ದರಕನ್ನು ಬೇರೆಯಾಗಿ ಎರಡು ವಾರ ಒದ್ದೆ ಗುಡ್ಡೆ ಹಾಕಬೇಕು. ಅರೆಕೊಳೆತ ಎಲೆಯ ನಾರು ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ, ಬೇರೆ ಅಂಟು ಬೇಡ. ಅಡಿಕೆ ಸಿಪ್ಪೆಯನ್ನು ಒಂದು ಇಂಚಿಗೆ ಕತ್ತರಿಸಿ; ಉದ್ದ ಬಿಟ್ಟರೆ ಒತ್ತಡ ತೆಗೆದ ಕೂಡಲೇ ಹಿಂದಕ್ಕೆ ಎದ್ದು ಇಟ್ಟಿಗೆ ಸೀಳುತ್ತದೆ. ಅಳತೆ: ಒಂದು ಬಕೆಟ್ ಪೇಪರ್ ರಾಡಿಗೆ ಮೂರು ಬಕೆಟ್ ದರಕು-ಸಿಪ್ಪೆ. ಹಿಡಿಯಲ್ಲಿ ಹಿಂಡಿದಾಗ ಬೆರಳ ಸಂದಿಯಲ್ಲಿ ನೀರು ಬರಬೇಕು, ಕೈ ಬಿಟ್ಟರೂ ಉಂಡೆ ಒಡೆಯಬಾರದು. ಉದುರಿದರೆ ದರಕು ಇನ್ನಷ್ಟು ಕೊಳೆಯಲಿ. ಗಂಜಿ ಹಾಕುವವರಿದ್ದಾರೆ, ಇಲಿ, ಬೂಸ್ಟು ಎರಡನ್ನೂ ಕರೆದಂತೆ.

ಅಚ್ಚಿಗೆ ನಾಲ್ಕಿಂಚಿನ ಪಿವಿಸಿ ಪೈಪಿನ ಹತ್ತಿಂಚು ತುಂಡು, ಸುತ್ತ ಐದು ಎಂಎಂ ತೂತು, ನಡುವೆ ಒಂದಿಂಚಿನ ಪೈಪು. ಆ ನಡುತೂತೇ ಉರಿಗೆ ಗಾಳಿ ಕೊಡುವುದು, ಅದಿಲ್ಲದೆ ಇಟ್ಟಿಗೆ ಬರೀ ಹೊಗೆಯಾಡುತ್ತದೆ. ಆರಡಿ ಮರದ ಸನ್ನೆಯಿಂದ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಬೇಕು. ಜೋರು ಎಷ್ಟು ಎನ್ನುವುದಕ್ಕಿಂತ ಈ ಹಿಡಿಯುವುದೇ ಮುಖ್ಯ.

ಸೋಲುವುದು ಹೆಚ್ಚಾಗಿ ಒಣಗಿಸುವಲ್ಲಿ. ಒದ್ದೆ ಇಟ್ಟಿಗೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ, ಮಳೆ ಹಿಡಿದ ಮೇಲೆ ಮಾಡಿದ್ದು ಗೊಬ್ಬರಗುಂಡಿಗೇ ಸರಿ. ಮಾದರಿಗೆ ಒಂದನ್ನು ದಿನಾ ತೂಗಿ; ಎರಡು ದಿನ ತೂಕ ಇಳಿಯದಿದ್ದರೆ ಒಣಗಿದೆ. ಆಮೇಲೆ ಒಲೆ ಮೇಲಿನ ಅಟ್ಟಕ್ಕೆ. ಕಾರವಾರ, ಕುಮಟಾದಲ್ಲಿ ಸಮುದ್ರದ ಗಾಳಿಗೆ ಒಣಗಿದ್ದೂ ಮತ್ತೆ ಮೆತ್ತಗಾಗುತ್ತದೆ. ಮುಚ್ಚಳ ಬಿಗಿಯಾದ ಡ್ರಮ್ಮೇ ಬೇಕು. ಅಲ್ಲಿ ಉಪ್ಪುನೀರಿನಲ್ಲಿ ಮಾತ್ರ ನೆನೆಸಬೇಡಿ, ಹಂಡೆಯ ತಳ ಬೇಗ ತಿನ್ನುತ್ತದೆ.

ಹಾಕಬಾರದ್ದು: ಪ್ಲಾಸ್ಟಿಕ್, ಹಾಲಿನ ಕವರ್, ಒಳಗೆ ಪ್ಲಾಸ್ಟಿಕ್ ಪದರ ಇರುವ ಪೇಪರ್ ಕಪ್ಪು, ಅಂಗಡಿಯ ಬಿಲ್ಲು, ಪ್ಲೈವುಡ್ ಹುಡಿ. ಗೇರುಬೀಜದ ಸಿಪ್ಪೆಯೂ ಬೇಡ. ಉರಿ ಜೋರೇ, ಆದರೆ ಅದರ ಎಣ್ಣೆ ಚರ್ಮ ಸುಡುತ್ತದೆ, ಹೊಗೆ ಕಣ್ಣು-ಗಂಟಲು ಉರಿಸುತ್ತದೆ.

ಉರಿಸುವಾಗ ಮೊದಲು ಕರಟ, ಸೋಗೆ. ಕೆಂಡವಾದ ಮೇಲೆ ಎರಡು ಇಟ್ಟಿಗೆ, ತೂತು ಒಲೆಯ ಬಾಯಿಗೆ ನೇರವಾಗಿ. ಬೂದಿ ಸೌದೆಯದ್ದಕ್ಕಿಂತ ಜಾಸ್ತಿ, ದಿನಾ ತೆಗೆಯದಿದ್ದರೆ ಗಾಳಿ ಕಟ್ಟುತ್ತದೆ.